ಅಮೆರಿಕದ ಬಾಸ್ ಲೂರ್‌ಗೆ ಭದ್ರಾ ಹೊಳೆಯ ಮೀನು ಬೀಳುತ್ತಾ?

"ಈ ಕೆಂಪು ಲೂರ್ ಹಾಕಿದರೆ ಎಂಥ ಮೀನೂ ತಪ್ಪಿಸಿಕೊಳ್ಳಲ್ಲ." "ಬಾಸ್ ಮರಿ ತಂದು ಎಸ್ಟೇಟ್ ಕೆರೆಗೆ ಬಿಡಿ, ಎರಡೇ ವರ್ಷದಲ್ಲಿ ಹೋಂಸ್ಟೇಗೆ ಗೆಸ್ಟ್‌ಗಳ ಸಾಲು." ಗಾಳದ ಹುಚ್ಚಿರುವವರ ಮೊಬೈಲ್‌ಗೆ ಇಂಥ ವಿಡಿಯೊ, ಮೆಸೇಜ್ ಬರುವುದು ಹೊಸದೇನಲ್ಲ. ದೊಡ್ಡ ಬಾಯಿಯ ಹಸಿರು ಮೀನೊಂದು ನೀರಿನಿಂದ ಮೇಲಕ್ಕೆ ಚಿಮ್ಮುತ್ತೆ, ದೋಣಿಯಲ್ಲಿದ್ದವರು ಕೂಗುತ್ತಾರೆ, ಕೊನೆಗೆ ಲೂರ್ ಖರೀದಿಸುವ ಲಿಂಕ್. ಮೂಡಿಗೆರೆಯಲ್ಲೋ ಕಳಸದಲ್ಲೋ ಕೂತು ನೋಡಿದವರಿಗೆ, ನಮ್ಮ ಹೊಳೆಯಲ್ಲೂ ಒಂದು ಕೈ ನೋಡೋಣ ಅನಿಸುವುದು ಸಹಜ.

ಚಿಕ್ಕ ಉತ್ತರ ಇಷ್ಟು: ಬಾಸ್ ನಮ್ಮ ಹೊಳೆಯ ಮೀನಲ್ಲ. ಅದಕ್ಕೆಂದು ಮಾಡಿದ ಕೆಲವು ಲೂರ್‌ಗಳು ನಮ್ಮ ಮೀನಿಗೂ ನಡೆಯುತ್ತವೆ, ಆದರೆ ಬಣ್ಣದ ಮ್ಯಾಜಿಕ್ ಅನ್ನುವುದು ಮಾರಾಟದ ಮಾತು. ಬಾಸ್ ಮರಿಯನ್ನು ಕೆರೆಗೆ ಬಿಡುವ ಸಲಹೆ ಮಾತ್ರ ಅಪಾಯದ್ದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಬಾಸ್ ಅಂದರೆ ಯಾವ ಮೀನು?

ವಿಡಿಯೊಗಳಲ್ಲಿ ಕಾಣುವುದು ಲಾರ್ಜ್‌ಮೌತ್ ಬಾಸ್. ಹೆಸರೇ ಹೇಳುವಂತೆ ದೊಡ್ಡ ಬಾಯಿ. ಉತ್ತರ ಅಮೆರಿಕದ ಸಿಹಿನೀರಿನ ಮೀನು ಇದು. ಕಳೆ, ಬಿದ್ದ ಮರದ ದಿಮ್ಮಿಗಳ ಮರೆಯಲ್ಲಿ ಹೊಂಚು ಹಾಕಿ, ಹತ್ತಿರ ಬಂದ ಮೀನು, ಕಪ್ಪೆಯನ್ನು ಒಂದೇ ಗುಟುಕಿಗೆ ಒಳಗೆಳೆದುಕೊಳ್ಳುತ್ತೆ. ಹೋಟೆಲ್ ಮೆನುವಿನಲ್ಲಿ 'ಏಷ್ಯನ್ ಸೀ ಬಾಸ್' ಅಂತ ಬರೆದಿರುವುದು ಬೇರೆಯೇ ಮೀನು. ಅದು ಭೆಟ್ಕಿ ಅಥವಾ ಬಾರಾಮುಂಡಿ, ನಮ್ಮ ಕರಾವಳಿಯ ಅಳಿವೆಗಳಲ್ಲಿ ಸಿಗುತ್ತೆ. ಹೆಸರಿನಲ್ಲಿ 'ಬಾಸ್' ಇದೆ ಅಂದ ಮಾತ್ರಕ್ಕೆ ಎರಡೂ ಒಂದಲ್ಲ.

ಅಮೆರಿಕದಲ್ಲೂ ಬಾಸ್ ಎಲ್ಲ ಕಡೆ ತಾನಾಗಿ ಇರಲಿಲ್ಲ. 1854ರಲ್ಲಿ ಬಾಸ್ ಮೀನುಗಳನ್ನು ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಸಾಗಿಸಿ ಪೊಟೊಮ್ಯಾಕ್ ನದಿಗೆ ತಂದರು. 1881ರಲ್ಲಿ ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ ಈ ಮೀನಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಅಲ್ಲಿಯವರೆಗೆ ಗಾಳದ ಗತ್ತೆಲ್ಲ ಟ್ರೌಟ್ ಮೀನಿಗೇ ಮೀಸಲಾಗಿತ್ತು. 1967ರಲ್ಲಿ ರೇ ಸ್ಕಾಟ್ ಎಂಬಾತ ಅರ್ಕಾನ್ಸಾಸ್‌ನ ಬೀವರ್ ಲೇಕ್‌ನಲ್ಲಿ ಬಾಸ್ ಹಿಡಿಯುವ ಸ್ಪರ್ಧೆ ಇಟ್ಟ. ಇವತ್ತು ನಿಮ್ಮ ಮೊಬೈಲ್‌ಗೆ ಬರುವ ವಿಡಿಯೊಗಳ ಹಿಂದಿರುವ ದೊಡ್ಡ ಉದ್ಯಮ ಬೆಳೆದದ್ದು ಅಲ್ಲಿಂದ.

ಲೂರ್ ಹುಟ್ಟಿದ್ದು ಹೇಗೆ?

ಲೂರ್ ಅಂದರೆ ಹುಸಿ ಎರೆ. ತಿನ್ನುವ ವಸ್ತುವಲ್ಲ, ತಿನ್ನುವ ವಸ್ತುವಿನಂತೆ ನಟಿಸುವ ವಸ್ತು. ಅಮೆರಿಕದ ಜೂಲಿಯೊ ಬ್ಯುವೆಲ್ 1852ರಲ್ಲಿ ಚಮಚದ ಆಕಾರದ ಲೂರ್‌ಗೆ ಪೇಟೆಂಟ್ ಪಡೆದ. ಊಟದ ಚಮಚ ನೀರಿಗೆ ಬಿದ್ದಾಗ ಮೀನೊಂದು ಅದಕ್ಕೆ ಬಾಯಿ ಹಾಕಿದ್ದು ನೋಡಿ ಅವನಿಗೆ ಈ ಉಪಾಯ ಹೊಳೆಯಿತು ಅಂತ ಒಂದು ಕತೆಯಿದೆ. ಮುಂದೆ ಮರದ ಪುಟ್ಟ ಮೀನುಗಳು ಬಂದವು. 1936ರಲ್ಲಿ ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ, ಗಾಯಗೊಂಡ ಮೀನು ಒದ್ದಾಡುವಂತೆ ಓಲಾಡುವ ಲೂರ್ ಕೆತ್ತಿದ. ಆಮೇಲೆ ಪ್ಲಾಸ್ಟಿಕ್ ಎರೆಹುಳ, ರಬ್ಬರ್ ಕಪ್ಪೆ ಎಲ್ಲ ಬಂದವು.

ಇಷ್ಟರಲ್ಲೂ ಗಮನಿಸಬೇಕಾದ್ದು ಒಂದೇ. ಕೆಲಸ ಮಾಡಿದ್ದು ಚಲನೆ: ಓಲಾಟ, ಮಿನುಗು, ನೀರಿನಲ್ಲಿ ಏಳುವ ಕಂಪನ.

ಗಾಳ ಬ್ರಿಟಿಷರು ಕಲಿಸಿದ ಆಟವಾ?

ಅಲ್ಲ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪುಸ್ತಕ 1496ರದು. ಅದಕ್ಕಿಂತ ಮೂರೂವರೆ ಶತಮಾನ ಮೊದಲೇ, ಸುಮಾರು 1130ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಕಲ್ಯಾಣ ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆ ಗ್ರಂಥದಲ್ಲಿ 'ಮತ್ಸ್ಯವಿನೋದ' ಅನ್ನುವ ಭಾಗವೇ ಇದೆ. ಮೀನುಗಳ ಬಗೆ, ಯಾವ ಮೀನಿಗೆ ಯಾವ ತಿನಿಸು, ಗಾಳದ ಕೋಲು, ದಾರ, ಹಿಡಿಯುವ ಕ್ರಮ ಎಲ್ಲ ಅಲ್ಲಿದೆ. ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು.

ಬ್ರಿಟಿಷರ ಪಾಲೂ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್, ಭಾರತದ ಗಾಳದ ಬಗ್ಗೆ ಬರೆದ ಹೆಸರುವಾಸಿ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದರ ನಾಯಕ ಮಹಶೀರ್ ಮೀನು. ಇನ್ನು ಮೂಡಿಗೆರೆಯವರಿಗೆ ಗಾಳ ಅಂದ ಕೂಡಲೇ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿ. ಅವರ ಗಾಳದ ಹುಚ್ಚು ಎಷ್ಟಿತ್ತೆಂದರೆ ಅಂಡಮಾನ್ ಪ್ರವಾಸದ ಕಥನದೊಳಗೂ ಅದು ಬಂದು ಕೂತಿದೆ.

ಕೆಂಪು ಲೂರ್‌ಗೆ ಮೀನು ಬೀಳುತ್ತಾ?

ಮೊದಲು ನೀರಿನ ವಿಷಯ. ತಿಳಿನೀರಿನಲ್ಲಿ ಕೆಂಪು ಬೆಳಕು ಬೇಗ ಹೀರಿಹೋಗುತ್ತೆ. ಕೆಲವು ಮೀಟರ್ ಆಳಕ್ಕೆ ಇಳಿದರೆ ಕೆಂಪು ಲೂರ್ ಕಪ್ಪಾಗಿಯೇ ಕಾಣುತ್ತೆ. ಮಳೆಗಾಲದ ಕೆನ್ನೀರಿನಲ್ಲಿ ಕೆಂಪು ಉಳಿದ ಬಣ್ಣಗಳಿಗಿಂತ ಸ್ವಲ್ಪ ದೂರ ಹೋಗಬಹುದು, ಆದರೆ ಅಲ್ಲಿ ಯಾವ ಬಣ್ಣವೂ ಗೇಣು, ಮೊಳಕ್ಕಿಂತ ಆಚೆ ಕಾಣುವುದೇ ಕಷ್ಟ. ತೇಲುವ ಲೂರ್ ಆದರಂತೂ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನ ಎದುರು ಬರೀ ಒಂದು ಕಪ್ಪು ನೆರಳು.

ಇನ್ನು ಕಣ್ಣಿನ ವಿಷಯ. 2019ರಲ್ಲಿ ಪ್ರಕಟವಾದ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗದಲ್ಲಿ ಬಾಸ್ ಮೀನುಗಳು ಕೆಂಪು, ಹಸಿರು ಬಣ್ಣಗಳನ್ನು ಚೆನ್ನಾಗಿ ಗುರುತಿಸಿದವು. ಆದರೆ ನೀಲಿ ಮತ್ತು ಕಪ್ಪನ್ನು, ಹಾಗೇ ಹಳದಿ ಛಾಯೆಯ ಹಸಿರು ಮತ್ತು ಬಿಳಿಯನ್ನು ಬೇರೆ ಮಾಡಿ ಗುರುತಿಸಲು ತಡವರಿಸಿದವು. ಅಂದರೆ ಅಂಗಡಿಯಲ್ಲಿ ಬೇರೆ ಬೇರೆ ಬೆಲೆಗೆ ತೂಗುಹಾಕಿದ ಕೆಲವು ಬಣ್ಣಗಳು ಬಾಸ್ ಕಣ್ಣಿಗೆ ಒಂದೇ. ಇದು ಬಾಸ್ ಕತೆ. ನಮ್ಮ ಮೀನುಗಳ ಕಣ್ಣು ಬೇರೆ, ಬದುಕುವ ನೀರೂ ಬೇರೆ. ಅಲ್ಲಿಯ ಫಲಿತಾಂಶವನ್ನು ಇಲ್ಲಿಗೆ ಹಾಗೇ ಎತ್ತಿ ತರಲಾಗದು.

ಮೀನು ಕಣ್ಣನ್ನಷ್ಟೇ ನಂಬಿಕೊಂಡಿಲ್ಲ. ಅದರ ಮೈಯ ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತೆ, ಮುಂದಿನ ಸಲ ಗಮನಿಸಿ. ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುವ ಅಂಗ ಅದು. ಕಲಕಿದ ನೀರಿನಲ್ಲಿ ಲೂರ್‌ನ ಕಂಪನ ಮೊದಲು ತಲುಪುವುದು ಅಲ್ಲಿಗೆ.

ಹಾಗಾದರೆ ನಮ್ಮ ಮೀನಿಗೆ ಯಾವುದು ನಡೆಯುತ್ತೆ?

ಬಾಸ್‌ನ ಸ್ವಭಾವಕ್ಕೆ ಹತ್ತಿರ ಬರುವುದು ನಮ್ಮ ಕೆರೆ, ಗದ್ದೆಬಯಲಿನ ಕೊರವ, ಹೂವಿನ ಮುರ್ಲು ಜಾತಿಯ ಮೀನುಗಳು. ಇವೂ ಕಳೆಯ ನಡುವೆ ಹೊಂಚು ಹಾಕುತ್ತವೆ. ಹಾಗಾಗಿ ಬಾಸ್‌ಗೆಂದು ಮಾಡಿದ ರಬ್ಬರ್ ಕಪ್ಪೆಗೆ ಇವೂ ಎರಗುತ್ತವೆ. ಒಂದು ಎಚ್ಚರ: ನೀರಿನ ಮೇಲ್ಭಾಗದಲ್ಲಿ ಕೆಂಬಣ್ಣದ ಪುಟ್ಟ ಮರಿಗಳ ಗುಂಪು ಸುಳಿದಾಡುತ್ತಿದ್ದರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಅವು ಕಪ್ಪೆಯ ಮೇಲೆ ಬೀಳುವುದು ಹಸಿವಿಗಲ್ಲ, ಮರಿ ಕಾಯಲು. ಆ ಒಂದು ಮೀನನ್ನು ಎತ್ತಿದರೆ ಇಡೀ ಮರಿಗುಂಪು ಉಳಿದ ಮೀನುಗಳ ಪಾಲು.

ಹರಿಯುವ ಹೊಳೆಯ ಮಹಶೀರ್ ಕತೆ ಬೇರೆ. ಅದು ಗೆಂಡೆಮೀನಿನ ಕುಟುಂಬದ್ದು. ಏಡಿ, ಸಣ್ಣ ಮೀನು, ಹುಳ, ದಡದ ಮರದಿಂದ ಬಿದ್ದ ಹಣ್ಣು ಎಲ್ಲ ತಿನ್ನುತ್ತೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಗಟ್ಟಿ ಚಿಪ್ಪನ್ನೂ ಪುಡಿ ಮಾಡುವ ಶಕ್ತಿ ಅದಕ್ಕಿದೆ, ಬಾಸ್ ಲೂರ್‌ನ ಸಪೂರ ಕೊಕ್ಕೆ ಅದರ ಮುಂದೆ ಏನೂ ಅಲ್ಲ. ಥಾಮಸ್ ಕಾಲದ ಬ್ರಿಟಿಷರು ಇದಕ್ಕೆ ಚಮಚದ ಲೂರ್ ಎಸೆಯುತ್ತಿದ್ದರು. ಕಾವೇರಿ ತೀರದ ಭೀಮೇಶ್ವರಿ, ಗಾಲಿಬೋರೆ ಕ್ಯಾಂಪುಗಳಲ್ಲಿ ದೇಶವಿದೇಶದವರೆಲ್ಲ ನಂಬಿದ್ದು ಯಾವುದನ್ನು ಗೊತ್ತೇ? ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಯ ಉಂಡೆಯನ್ನು.

ಮೀನಿಗೆ ಮೂರೇ ಸೆಕೆಂಡ್ ನೆನಪಾ?

ಇದೂ ಸುಳ್ಳು. 1970ರಲ್ಲಿ ನೆದರ್ಲೆಂಡ್ಸ್‌ನ ಬ್ಯೂಕೆಮಾ ಎಂಬ ವಿಜ್ಞಾನಿ, ಒಮ್ಮೆ ಗಾಳಕ್ಕೆ ಸಿಕ್ಕ ಕಾರ್ಪ್ ಮೀನು ಒಂದು ವರ್ಷದ ನಂತರವೂ ಗಾಳಕ್ಕೆ ಅಂಜುತ್ತಿದ್ದುದನ್ನು ತೋರಿಸಿದ. ಮೊದಲ ದಿನ ಒಳ್ಳೆ ಕೆಲಸ ಮಾಡಿದ ಲೂರ್ ಅದೇ ಗುಂಡಿಯಲ್ಲಿ ಆಮೇಲೆ ಸೋಲುವುದಕ್ಕೆ ಇದೂ ಒಂದು ಕಾರಣವಿರಬಹುದು.

ಎಸ್ಟೇಟ್ ಕೆರೆಗೆ ಬಾಸ್ ಬಿಟ್ಟರೆ ಏನಾಗುತ್ತೆ?

"ನನ್ನ ಕೆರೆ, ನನ್ನ ಮೀನು, ಯಾರಿಗೇನು ನಷ್ಟ?" ಅನಿಸಬಹುದು. ಆದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾರಿಸಲು ಮಾಡಿಕೊಂಡ ಕೆರೆ ಜುಲೈ ಮಳೆಗೆ ಕೋಡಿ ಬೀಳುತ್ತೆ. ಕೋಡಿ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ನಮ್ಮ ಬೆಟ್ಟಗಳಿಂದ ನೀರು ಮೂರು ದಿಕ್ಕಿಗೆ ಹರಿಯುತ್ತೆ: ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ, ಕಳಸ ದಾಟಿ ಹೋಗುವ ಭದ್ರಾ ತುಂಗೆಯ ಜೊತೆ ಕೃಷ್ಣೆಗೆ, ನೇತ್ರಾವತಿ ಅರಬ್ಬಿ ಸಮುದ್ರಕ್ಕೆ. ಇಲ್ಲಿ ತಪ್ಪಿಸಿಕೊಂಡ ಮೀನು ಎಲ್ಲಿಗೆ ಬೇಕಾದರೂ ತಲುಪಬಹುದು.

ಜಪಾನ್ ಇದನ್ನು ಅನುಭವಿಸಿದೆ. 1925ರಲ್ಲಿ ಅಶಿ ಎಂಬ ಒಂದೇ ಸರೋವರಕ್ಕೆ ಬಿಟ್ಟ ಬಾಸ್, ಮುಂದೆ ಜನರ ಕೈಯಿಂದ ಕೈಗೆ ದಾಟಿ ದೇಶವೆಲ್ಲ ಹಬ್ಬಿತು. ಊರಿನ ಮೀನುಗಳನ್ನು ತಿಂದು ಹಾಕಿತು. 2005ರಲ್ಲಿ ಜಾರಿಗೆ ಬಂದ ಕಾನೂನಿನಡಿ ಅಲ್ಲಿ ಜೀವಂತ ಬಾಸ್ ಸಾಕುವುದು, ಸಾಗಿಸುವುದು ನಿಷಿದ್ಧ.

ನಮ್ಮ ರಾಜ್ಯದ ಪಾಠ ಇನ್ನೂ ಕಹಿ. ಕಾವೇರಿಯ ಗೂನುಬೆನ್ನಿನ ಮಹಶೀರ್ ಜಗತ್ತಿನ ಗಾಳಗಾರರ ಕನಸಿನ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಮಹಶೀರ್ ಉಳಿಸೋಣ ಎಂಬ ಒಳ್ಳೆಯ ಉದ್ದೇಶದಿಂದಲೇ, 1970ರ ದಶಕದಿಂದ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೇರೆ ಬೇರೆ ನದಿಗಳಿಗೆ ಬಿಡಲಾಯಿತು. ಕಾವೇರಿಗೂ ಅವು ಬಂದವು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ನೋಡಿದಾಗ, ಹೊಸ ಮೀನು ಹೆಚ್ಚುತ್ತಾ ಗೂನುಬೆನ್ನಿನದು ಕುಸಿಯುತ್ತಾ ಹೋದದ್ದು ಕಂಡಿತು. ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಮಹಶೀರ್ ಇರುವ ನದಿಗೆ ಇನ್ನೊಂದು ಮಹಶೀರ್ ಬಿಟ್ಟದ್ದೇ ಹೀಗಾದರೆ, ಬಾಸ್ ಬಿಟ್ಟರೆ ಏನಾದೀತು ಯೋಚಿಸಿ. ಅಂದಹಾಗೆ, ವಿದೇಶಿ ಮೀನು ತರಲು ಕೇಂದ್ರ ಸರ್ಕಾರದ ಅನುಮತಿ ಬೇಕು.

ಲೂರ್‌ಗಿಂತ ದೊಡ್ಡ ಪ್ರಶ್ನೆ

ನಮ್ಮ ಹೊಳೆಯಲ್ಲಿ ಮೀನು ಕಡಿಮೆಯಾಗಿದೆ ಅಂದರೆ ಅದಕ್ಕೆ ಮದ್ದು ಹೊಸ ಲೂರ್ ಅಲ್ಲ, ಹೊಸ ಮೀನೂ ಅಲ್ಲ. ತೋಟೆ ಸಿಡಿಸುವುದು, ಬ್ಲೀಚಿಂಗ್ ಪೌಡರ್, ವಿಷ ಹಾಕುವುದು ಒಂದೇ ಏಟಿಗೆ ದೊಡ್ಡದು, ಮರಿ, ಏಡಿ, ಹುಳ ಎಲ್ಲವನ್ನೂ ಕೊಲ್ಲುತ್ತೆ. ಥಾಮಸ್ ನೂರೈವತ್ತು ವರ್ಷಗಳ ಹಿಂದೆಯೇ ಮೀನಿಗೆ ವಿಷ ಹಾಕುವುದರ ವಿರುದ್ಧ ಬರೆದಿದ್ದ. 1897ರ ಮೀನುಗಾರಿಕೆ ಕಾಯ್ದೆ ಸ್ಫೋಟಕ, ವಿಷ ಎರಡನ್ನೂ ಅಪರಾಧ ಮಾಡಿತು. ಆದರೂ 1996ರಲ್ಲಿ, ಎತ್ತಿನಭುಜದ ಬುಡದಲ್ಲಿರುವ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನುಗಳು ಸತ್ತವು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವಿದೆ. ಶೃಂಗೇರಿಯ ತುಂಗೆಯಲ್ಲಿ ಇವತ್ತಿಗೂ ಮೀನು ಕಾಲಬುಡಕ್ಕೆ ಬರುತ್ತವೆ ಅಂದರೆ, ಅಲ್ಲಿ ಅವುಗಳನ್ನು ಯಾರೂ ಮುಟ್ಟುವುದಿಲ್ಲ ಅನ್ನುವುದೇ ಕಾರಣ.

ಫಾರ್ವರ್ಡ್ ಮಾಡುವ ಮುನ್ನ

- ಬಾಸ್ ವಿಡಿಯೊ ನೋಡಿ ಖುಷಿಪಡಿ. ಬಾಸ್ ಮರಿ ಮಾರುವ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ.
- ಲೂರ್ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಮೀನು, ನಿಂತ ನೀರೋ ಹರಿಯುವ ನೀರೋ, ತಿಳಿಯೋ ಕಲಕಿದ್ದೋ?
- ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಉಳಿದ ಕಡೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೋಗಿ.
- ಹಿಡಿದು ಬಿಡುವವರಾದರೆ ಮುಳ್ಳಿಲ್ಲದ ಒಂಟಿ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಳ್ಳಿ, ಮೀನನ್ನು ನೀರಿನಲ್ಲೇ ಬಿಡಿಸಿ. ಬೇಸಿಗೆಯಲ್ಲಿ ನೀರು ತಗ್ಗಿ ಬಿಸಿಯಾದಾಗ ಆಮ್ಲಜನಕ ಕಡಿಮೆ, ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಆ ದಿನಗಳಲ್ಲಿ ಗಾಳ ಅಟ್ಟದ ಮೇಲಿರಲಿ.
- ತೋಟೆ, ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯುವ ವಿಡಿಯೊ ಬಂದರೆ ಗ್ರೂಪಿಗೆ ಹಾಕಬೇಡಿ, ಪೊಲೀಸರಿಗೋ ಮೀನುಗಾರಿಕೆ ಇಲಾಖೆಗೋ ತಲುಪಿಸಿ.