ಭೂಗರ್ಭದ ದಾಸ್ತಾನು ಮತ್ತು ತೈಲ ಕಂಪೆನಿಯ ಲಾಭ

ಕಿರಾಣಿ ವರ್ತಕನು ವರ್ಷಾಂತ್ಯದಲ್ಲಿ ಉಗ್ರಾಣದ ಮೂಟೆಗಳನ್ನು ಎಣಿಸಿ ದಾಸ್ತಾನಿಗೆ ಬೆಲೆ ಕಟ್ಟುತ್ತಾನೆ. ತೈಲ ಕಂಪೆನಿಗೆ ಆ ಸೌಕರ್ಯವಿಲ್ಲ. ಅದರ ಸರಕು ಸಾವಿರಾರು ಅಡಿ ಆಳದಲ್ಲಿದೆ. ಅದೂ ಅನೇಕರು ಭಾವಿಸಿರುವಂತೆ ಕೆರೆಯಾಗಿ ನಿಂತಿಲ್ಲ, ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಹುದುಗಿದೆ. ಆ ರಂಧ್ರಗಳೆಷ್ಟು, ಅವು ಒಂದಕ್ಕೊಂದು ಕೂಡಿಕೊಂಡಿವೆಯೇ, ಅವುಗಳಲ್ಲಿ ತೈಲವೆಷ್ಟು, ನೀರೆಷ್ಟು ಎಂಬುದನ್ನು ಅರಿಯುವ ವಿದ್ಯೆಯೇ ತೈಲಾಶಯದ ಗುಣನಿರ್ಣಯ. ಭೂಮಿಯೊಳಕ್ಕೆ ಕೃತಕ ಕಂಪನಗಳನ್ನು ಕಳುಹಿಸಿ ಅವುಗಳ ಪ್ರತಿಧ್ವನಿಯಿಂದ ಪದರಗಳ ಚಿತ್ರವನ್ನು ಪಡೆಯುವರು. ಬಾವಿಯಿಂದ ತೆಗೆದ ಕಲ್ಲನ್ನು ಪರೀಕ್ಷಿಸುವರು. ಬಾವಿಯೊಳಕ್ಕೆ ಉಪಕರಣಗಳನ್ನು ಇಳಿಸಿ ಅಳೆಯುವರು. ಕೊನೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಂದಿಸುವರು.

ಮುಂಬಯಿಯ ಕನ್ನಡಿಗರಿಗೆ ಇದರ ನಿದರ್ಶನ ದೂರವಿಲ್ಲ. ನಗರದಿಂದ ಸುಮಾರು 160 ಕಿ.ಮೀ. ಪಶ್ಚಿಮಕ್ಕೆ, ಕಡಲಿನಲ್ಲಿ, 1974ರಲ್ಲಿ ‘ಸಾಗರ ಸಮ್ರಾಟ್’ ನೌಕೆಯು ಕೊರೆದ ಬಾವಿಯಲ್ಲಿ ತೈಲ ಕಾಣಿಸಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಈ ‘ಬಾಂಬೆ ಹೈ’ ತೈಲಕ್ಷೇತ್ರದ ಮುಖ್ಯ ತೈಲಾಶಯವು ಸುಣ್ಣಕಲ್ಲಿನ ಹಲವು ಪದರಗಳಿಂದಾದುದು. ನಡುನಡುವೆ ಜೇಡಿಕಲ್ಲಿನ ತೆಳುಪದರಗಳಿವೆ. ಒತ್ತಡವನ್ನು ಕಾಯಲು ನೀರನ್ನು ಒಳಕ್ಕೆ ತಳ್ಳಿದರೆ, ಅದು ಸರಾಗವಾದ ಪದರದಲ್ಲಿಯೇ ಹರಿದು ಬಾವಿಯನ್ನು ಸೇರುತ್ತದೆ. ಬಿಗಿಯಾದ ಪದರದ ತೈಲ ಇದ್ದಲ್ಲಿಯೇ ಉಳಿಯುತ್ತದೆ. 1980ರ ದಶಕದ ಕೊನೆಗೆ ದಿನಕ್ಕೆ 4 ಲಕ್ಷ ಪೀಪಾಯಿಗಳನ್ನು ಮೀರಿದ್ದ ಉತ್ಪಾದನೆ ತರುವಾಯ ಇಳಿಯಿತು. ಈ ಶತಮಾನದ ಆರಂಭದಿಂದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು ಪುನರಭಿವೃದ್ಧಿಯನ್ನು ಕೈಗೊಂಡು, ಪದರಗಳನ್ನು ಹೊಸದಾಗಿ ಅಭ್ಯಸಿಸಿ, ಅಡ್ಡಬಾವಿಗಳನ್ನು ಕೊರೆಯಿಸಿತು.

ಇದರ ಲಾಭ ಎಲ್ಲಿಂದ? ಜಗತ್ತಿನ ತೈಲಾಶಯಗಳಲ್ಲಿರುವ ತೈಲದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಮೇಲೆ ಬರುತ್ತದೆಂದು ಸಾಮಾನ್ಯ ಅಂದಾಜು. ವೇದಿಕೆ, ಕೊಳವೆಗಳಿಗೆ ಹಣ ಹೂಡಿಯಾದ ಮೇಲೆ, ಅದೇ ಕ್ಷೇತ್ರದಿಂದ ಹೆಚ್ಚಾಗಿ ದೊರೆತ ತೈಲಕ್ಕೆ ತಗಲುವ ವೆಚ್ಚ ಹೋಲಿಕೆಯಲ್ಲಿ ಕಡಿಮೆ. ಬರಡು ಬಾವಿಗಳು ಕಡಿಮೆಯಾದರೆ ಅದೂ ಉಳಿತಾಯವೇ.

ವಾಣಿಜ್ಯ ಓದಿದವರ ಗಮನಕ್ಕೆ ಇನ್ನೊಂದು ಅಂಶ. ತೈಲ ಕಂಪೆನಿಗಳು ಬಾವಿಗಳ ಮೇಲಿನ ಸವಕಳಿಯನ್ನು ಸಾಮಾನ್ಯವಾಗಿ ವರ್ಷಗಳ ಮೇಲಲ್ಲ, ಉಳಿದ ದಾಸ್ತಾನಿನಲ್ಲಿ ಆ ವರ್ಷ ತೆಗೆದ ಪಾಲಿನ ಮೇಲೆ ಹಾಕುತ್ತವೆ. ದಾಸ್ತಾನನ್ನು ಹಿಗ್ಗಿಸಿ ಅಂದಾಜಿಸಿದರೆ ಸವಕಳಿ ಕುಗ್ಗುತ್ತದೆ, ಲಾಭ ಉಬ್ಬುತ್ತದೆ. ಭೂವಿಜ್ಞಾನಿಯ ತಪ್ಪು ಹೀಗೆ ನೇರವಾಗಿ ಲೆಕ್ಕಪತ್ರದೊಳಕ್ಕೆ ಇಳಿಯುತ್ತದೆ! ಆದುದರಿಂದಲೇ ‘ಖಚಿತ ದಾಸ್ತಾನು’ ಎನ್ನಲು ಕಟ್ಟುನಿಟ್ಟಿನ ಪುರಾವೆ ಬೇಕು. 2004ರ ಜನವರಿಯಲ್ಲಿ ಶೆಲ್ ಕಂಪೆನಿಯು ಸುಮಾರು 390 ಕೋಟಿ ಪೀಪಾಯಿಗಳನ್ನು, ಅಂದರೆ ಐದನೆಯ ಒಂದು ಪಾಲನ್ನು, ಆ ವರ್ಗದಿಂದ ಹೊರಗಿಟ್ಟಿತು. ಭೂಮಿಯಲ್ಲಿನ ತೈಲ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಆದರೂ ಷೇರಿನ ಬೆಲೆ ಕುಸಿಯಿತು, ಮಾರ್ಚಿಯಲ್ಲಿ ಅಧ್ಯಕ್ಷರು ಹುದ್ದೆಯನ್ನು ತೊರೆಯಬೇಕಾಯಿತು.