ಸೆಕೆಂಡ್ ಹ್ಯಾಂಡ್ ಬೈಕಿನ ತಪಾಸಣಾ ದಾಖಲೆ ಓದುವ ಬಗೆ

ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮೂರು ವರ್ಷ ತುಂಬಿದ ಮೋಟಾರ್‌ಸೈಕಲ್ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆಗೆ ಹೋಗಲೇಬೇಕು. ಅಲ್ಲಿನವರ ಬಾಯಲ್ಲಿ ಇದು ‘ಎಂಒಟಿ’. 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಇದ್ದ ಈ ನಿಯಮ, 1967ರಲ್ಲಿ ಮೂರು ವರ್ಷದ ವಾಹನಗಳಿಗೂ ಬಂತು. 2005ರಿಂದ ಈಚಿನ ಫಲಿತಾಂಶಗಳನ್ನು ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕೆ ಬೈಕಿನ ನೋಂದಣಿ ಸಂಖ್ಯೆ ಇದ್ದರೆ ಸಾಕು, ಹಣ ಕಟ್ಟಬೇಕಿಲ್ಲ. ಹೀಗಾಗಿ ಹಳೆ ಬೈಕು ಕೊಳ್ಳುವವರಿಗೆ, ಮಾರುವವನ ಮಾತಿನ ಜೊತೆಗೆ ಇನ್ನೊಂದು ಸಾಕ್ಷ್ಯವೂ ಸಿಗುತ್ತದೆ. ಆದರೆ ಆ ಸಾಕ್ಷ್ಯ ಎಲ್ಲಕ್ಕೂ ಉತ್ತರ ಕೊಡುವುದಿಲ್ಲ.

ತಪಾಸಣೆಯಲ್ಲಿ ಹೆಡ್‌ಲೈಟು, ಇಂಡಿಕೇಟರು, ಹಾರ್ನು, ಬ್ರೇಕು, ಟೈರು, ಚಕ್ರ, ಹ್ಯಾಂಡಲ್, ಫೋರ್ಕು, ಶಾಕ್ ಅಬ್ಸಾರ್ಬರ್, ಚೈನು, ಸೈಲೆನ್ಸರು, ಫ್ರೇಮುಗಳನ್ನು ನೋಡುತ್ತಾರೆ. 2018ರ ಮೇ 20ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ಮೂರಾಗಿ ವಿಂಗಡಿಸಲಾಗುತ್ತಿದೆ. ಮೊದಲೆರಡರಲ್ಲಿ ಒಂದಿದ್ದರೂ ಬೈಕು ಫೇಲ್. ಸಣ್ಣ ದೋಷವಿದ್ದರೆ ಪಾಸಾಗುತ್ತದೆ, ಆದರೆ ದೋಷ ದಾಖಲೆಗೆ ಸೇರುತ್ತದೆ. ಇವುಗಳಲ್ಲದೆ ‘ಸಲಹೆ’ ಎಂಬುದೊಂದಿದೆ: ಈಗ ದೋಷವೆನ್ನುವಂತಿಲ್ಲ, ಮುಂದೆ ಆಗಬಹುದು ಎಂದು ತಪಾಸಕ ಬರೆದಿಡುವ ಎಚ್ಚರಿಕೆ. ಹಿಂದಿನ ಟೈರು ಸವೆಯುತ್ತಾ ಬಂದಿದೆ, ಚೈನು ಸಡಿಲವಾಗಿದೆ, ಫೋರ್ಕಿನ ಸೀಲಿನಲ್ಲಿ ಆಯಿಲ್ ಜಿನುಗುತ್ತಿದೆ ಎಂಬಂಥ ಟಿಪ್ಪಣಿಗಳು ಇಲ್ಲಿ ಬರುತ್ತವೆ. ಕೊಳ್ಳುವವರಿಗೆ ಪಾಸು–ಫೇಲುಗಳಿಗಿಂತ ಈ ಸಲಹೆಗಳೇ ಹೆಚ್ಚು ಉಪಯುಕ್ತ.

ತಪಾಸಣೆಯ ವ್ಯಾಪ್ತಿಗೆ ಬಾರದ ಸಂಗತಿಗಳನ್ನೂ ತಿಳಿದಿರಬೇಕು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಆರೋಗ್ಯವನ್ನು ಎಂಒಟಿ ಅಳೆಯುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ ಕೈಕೊಡುವ ಹಂತದಲ್ಲಿದ್ದರೂ, ವಾಲ್ವ್ ಸೆಟ್ಟಿಂಗ್ ತಪ್ಪಿದ್ದರೂ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಬೈಕು ಪಾಸಾಗಬಹುದು. ನಡುದಾರಿಯಲ್ಲಿ ಬೈಕು ನಿಲ್ಲಿಸುವುದು ಬಹುಮಟ್ಟಿಗೆ ಇಂಥ ದೋಷಗಳೇ. ಅಲ್ಲದೆ ಫಲಿತಾಂಶ ತಪಾಸಣೆಯ ದಿನದ ಸ್ಥಿತಿಗೆ ಮಾತ್ರ ಅನ್ವಯಿಸುತ್ತದೆ. ಮುಂದಿನ ಹನ್ನೆರಡು ತಿಂಗಳಿಗೆ ಅದು ಗ್ಯಾರಂಟಿಯಲ್ಲ. ಬೈಕಿನ ಮೇಲೆ ಸಾಲವಿದೆಯೇ, ಅದು ಕಳವು ಮಾಲೇ ಎಂಬುದೂ ಈ ದಾಖಲೆಯಿಂದ ತಿಳಿಯದು.

ದಾಖಲೆಯಲ್ಲಿ ಮೊದಲು ನೋಡಬೇಕಾದದ್ದು ಮೀಟರ್ ರೀಡಿಂಗ್. ಪ್ರತಿ ತಪಾಸಣೆಯಲ್ಲೂ ಅದನ್ನು ಬರೆದುಕೊಳ್ಳುವುದರಿಂದ ಓಡಾಟದ ಲೆಕ್ಕ ವರ್ಷವಾರು ಸಿಗುತ್ತದೆ. ಒಂದು ವರ್ಷದ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಿದ್ದರೆ ಮೀಟರು ತಿರುಗಿಸಿರಬಹುದು, ಬದಲಿಸಿರಬಹುದು, ಇಲ್ಲವೇ ಬರೆಯುವಾಗ ತಪ್ಪಾಗಿರಬಹುದು. ಹೊರದೇಶದಿಂದ ತಂದ ಬೈಕುಗಳಲ್ಲಿ ಮೈಲಿ, ಕಿಲೋಮೀಟರುಗಳು ಅದಲುಬದಲಾಗುವುದೂ ಉಂಟು. ಮುಂದಿನ ವರ್ಷಗಳ ಸಂಖ್ಯೆಗಳನ್ನು ಜೋಡಿಸಿ ನೋಡಿದರೆ ಬರಹದ ತಪ್ಪನ್ನೂ ಮೋಸವನ್ನೂ ಬೇರ್ಪಡಿಸುವುದು ಸಾಮಾನ್ಯವಾಗಿ ಕಷ್ಟವಲ್ಲ. ವರ್ಷಗಟ್ಟಲೆ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ಭಾವಿಸಬಾರದು. ಓಡದೆ ನಿಂತ ಬೈಕಿನಲ್ಲಿ ಟೈರಿನ ರಬ್ಬರು ಬಿರುಕುಬಿಡುತ್ತದೆ, ಬ್ರೇಕ್ ಕ್ಯಾಲಿಪರು ಜಾಮ್ ಆಗುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟುಗಟ್ಟುತ್ತದೆ. ನಡುವೆ ಒಂದೆರಡು ವರ್ಷ ತಪಾಸಣೆಯೇ ನಡೆದಿರದಿದ್ದರೆ ಬೈಕನ್ನು ರಸ್ತೆಗಿಳಿಸುವುದಿಲ್ಲವೆಂದು ಕಾನೂನುಬದ್ಧವಾಗಿ ಘೋಷಿಸಿ ನಿಲ್ಲಿಸಿರಬಹುದು. ಯಾಕೆ ನಿಲ್ಲಿಸಿದ್ದರು ಎಂದು ಕೇಳುವುದು ಕೊಳ್ಳುವವರ ಹಕ್ಕು.

ಎರಡನೆಯದಾಗಿ, ದೋಷಗಳನ್ನು ಬಿಡಿಬಿಡಿಯಾಗಿ ಓದದೆ ಸಾಲಾಗಿ ಓದಬೇಕು. ಒಂದು ವರ್ಷ ಬ್ರೇಕ್ ಪ್ಯಾಡಿನ ಬಗ್ಗೆ ಸಲಹೆ ಬಂದು, ಮರುವರ್ಷ ಅದು ಮಾಯವಾಗಿದ್ದರೆ ಮಾಲೀಕ ಕೆಲಸ ಮಾಡಿಸಿದ್ದಾನೆ ಎನ್ನಬಹುದು. ಬಿಲ್ಲು ತೋರಿಸಿದರೆ ಅನುಮಾನವೇ ಉಳಿಯದು. ಅದೇ ಸಲಹೆ ಮೂರು ವರ್ಷ ಮರುಕಳಿಸಿ ಕೊನೆಗೆ ಫೇಲ್ ಆಗಿದ್ದರೆ, ಕಾನೂನು ಬಲವಂತ ಮಾಡುವ ತನಕ ಆತ ಕೈಹಾಕಿಲ್ಲ ಎಂದರ್ಥ. ಅಂಥವನು ಕಣ್ಣಿಗೆ ಕಾಣದ ಎಂಜಿನ್ ಆಯಿಲನ್ನು ಸಕಾಲಕ್ಕೆ ಬದಲಿಸಿದ್ದಾನೆಂದು ನಂಬುವುದು ಕಷ್ಟ. ಎಂಜಿನ್ ಬಗ್ಗೆ ನೇರವಾಗಿ ಏನೂ ಹೇಳದ ದಾಖಲೆ, ಹೀಗೆ ಮಾಲೀಕನ ರೂಢಿಯ ಮೂಲಕ ಅದರ ಸುಳಿವು ಕೊಡುತ್ತದೆ.

ಎಲ್ಲ ಫೇಲುಗಳಿಗೂ ಒಂದೇ ತೂಕವಿಲ್ಲ. ಮೋಟಾರ್‌ಸೈಕಲ್‌ಗಳು ಫೇಲಾಗಲು ದೀಪಗಳೇ ಮುಖ್ಯ ಕಾರಣಗಳಲ್ಲೊಂದು. ಬಲ್ಬು ಸುಟ್ಟಿದ್ದು, ಹೆಡ್‌ಲೈಟಿನ ಬೆಳಕು ಮೇಲೆಕೆಳಗಾಗಿದ್ದು ಅರ್ಧ ಗಂಟೆಯ ಕೆಲಸ. ಹ್ಯಾಂಡಲ್ ತಿರುಗಿಸುವಾಗ ಕೋನ್‌ಸೆಟ್ ಹಿಡಿದಂತಾಗುವುದು, ಚಕ್ರದ ಬೇರಿಂಗ್‌ನಲ್ಲಿ ಆಟ, ಫ್ರೇಮಿಗೆ ಹಿಡಿದ ತುಕ್ಕು ಹಾಗಲ್ಲ. ಇವುಗಳಿಗೆ ದುಡ್ಡೂ ಬೇಕು, ಕೆಲವೊಮ್ಮೆ ಇವು ಹಳೆಯ ಅಪಘಾತದ ಗುರುತುಗಳೂ ಆಗಿರುತ್ತವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಆ ದೇಶದಲ್ಲಿ ತುಕ್ಕಿನ ಬಗೆಗಿನ ಟಿಪ್ಪಣಿಯನ್ನು ಹಗುರವಾಗಿ ಕಾಣುವಂತಿಲ್ಲ.

ಒಂದು ಬೈಕಿನಿಂದ ಇಡೀ ಮಾಡೆಲ್‌ಗೆ ಬಂದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಮಾಲೀಕರ ವಿವರ ತೆಗೆದ ತಪಾಸಣಾ ಅಂಕಿಅಂಶಗಳನ್ನು ಬ್ರಿಟಿಷ್ ಸರ್ಕಾರ ಸಾರ್ವಜನಿಕರಿಗೆ ಕೊಡುವುದರಿಂದ ಯಾವ ಮಾಡೆಲ್ ಎಷ್ಟು ಪಾಸಾಗಿದೆ ಎಂದು ಲೆಕ್ಕ ಹಾಕಬಹುದು. ಆದರೆ ಭಾನುವಾರವಷ್ಟೇ ಹೊರಬರುವ ದುಬಾರಿ ಬೈಕನ್ನೂ, ಮಳೆ ಚಳಿಯೆನ್ನದೆ ದಿನವಿಡೀ ಊಟದ ಪೊಟ್ಟಣ ತಲುಪಿಸುವ 125 ಸಿಸಿ ಸ್ಕೂಟರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಗೆಲ್ಲುವುದು ತಯಾರಿಕೆಯ ಗುಣಮಟ್ಟವಲ್ಲ, ಬಳಕೆಯ ರೀತಿ. ಆದ್ದರಿಂದ ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ದೂರ ಓಡಿದ, ಒಂದೇ ಬಗೆಯ ಬೈಕುಗಳನ್ನು ಮಾತ್ರ ಹೋಲಿಸಬೇಕು. ತೀರಾ ಹಳೆಯ ಮಾಡೆಲ್‌ಗಳಲ್ಲಿ ಕೆಟ್ಟವು ಆಗಲೇ ಗುಜರಿ ಸೇರಿ, ಚೆನ್ನಾಗಿ ನೋಡಿಕೊಂಡವಷ್ಟೇ ಉಳಿದಿರುತ್ತವೆ. ಅವುಗಳ ಫಲಿತಾಂಶ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ತಪಾಸಣೆಗೆ ಮೊದಲೇ ಮೆಕ್ಯಾನಿಕ್ ಸರಿಪಡಿಸಿದ ದೋಷ ದಾಖಲೆಗೆ ಬರುವುದೇ ಇಲ್ಲ. ಕೆಲವೇ ಬೈಕುಗಳ ಲೆಕ್ಕದಿಂದ ಇಡೀ ಮಾಡೆಲ್ ಬಗ್ಗೆ ತೀರ್ಪು ಕೊಡುವುದೂ ಸರಿಯಲ್ಲ.

ಕರ್ನಾಟಕದಲ್ಲಿ ಇಂಥ ದಾಖಲೆಯಿಲ್ಲ. ಭಾರತದಲ್ಲಿ ಖಾಸಗಿ ಬೈಕಿನ ಆರ್‌ಸಿ 15 ವರ್ಷಕ್ಕೆ ಊರ್ಜಿತವಾಗಿರುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸುವಾಗ ವಾಹನವನ್ನು ಆರ್‌ಟಿಒ ತಪಾಸಣೆಗೆ ಒಡ್ಡಬೇಕು. ನಡುವೆ ನಡೆಯುವ ಎಮಿಷನ್ ಟೆಸ್ಟ್ ಹೊಗೆಯನ್ನಷ್ಟೇ ಅಳೆಯುತ್ತದೆ, ಬ್ರೇಕು ಟೈರುಗಳ ಗೊಡವೆ ಅದಕ್ಕಿಲ್ಲ. ಪರಿವಾಹನ್ ಜಾಲತಾಣದಲ್ಲಿ ನೋಂದಣಿಯ ದಿನಾಂಕ, ವಿಮೆಯ ಅವಧಿಗಳಂಥ ವಿವರ ಸಿಗುತ್ತದೆ. ಉಳಿದದ್ದಕ್ಕೆ ಸರ್ವಿಸ್ ಸೆಂಟರಿನ ಬಿಲ್ಲುಗಳೇ ಗತಿ. ಅವುಗಳಲ್ಲಿ ಸಾಮಾನ್ಯವಾಗಿ ದಿನಾಂಕ, ಮೀಟರ್ ರೀಡಿಂಗ್, ಬದಲಿಸಿದ ಭಾಗ ಮೂರೂ ಇರುವುದರಿಂದ ಮೇಲೆ ಹೇಳಿದ ಓದಿನ ಕ್ರಮ ಇಲ್ಲಿಗೂ ಹೊಂದುತ್ತದೆ.

ದಾಖಲೆ ಎಷ್ಟೇ ಶುದ್ಧವಿರಲಿ, ಅದರಿಂದ ತಿಳಿಯುವುದು ಯಾವ ಬೈಕು ಬೇಡ ಎಂಬುದು ಮಾತ್ರ. ಯಾವುದು ಬೇಕು ಎಂದು ನಿರ್ಧರಿಸಲು ತಣ್ಣಗಿರುವ ಎಂಜಿನ್ನನ್ನು ತಮ್ಮೆದುರೇ ಸ್ಟಾರ್ಟ್ ಮಾಡಿಸಿ, ನಂಬಿಕಸ್ಥ ಮೆಕ್ಯಾನಿಕ್‌ಗೆ ತೋರಿಸಿ, ಒಂದು ಸುತ್ತು ಓಡಿಸಿ ನೋಡಿದ ಮೇಲೆಯೇ ಹಣ ಕೊಡುವುದು ಕ್ಷೇಮ.