ಚೌಕುಳಿಗೆ ಇಳಿಯುವ ಮಸ್ಕಿಯ ಬ್ರಾಹ್ಮಿ

ಕೀಲಿಮಣೆಯ ಚಿಹ್ನೆಗಳನ್ನೇ ಸಾಲುಸಾಲಾಗಿ ಜೋಡಿಸಿ ದೊಡ್ಡ ಆಕೃತಿಯನ್ನು ಮೂಡಿಸುವ ಕಲೆಯನ್ನು ಆಸ್ಕಿ ಚಿತ್ರಕಲೆ ಎನ್ನುತ್ತಾರೆ. ಇದಕ್ಕಾಗಿ 1991ರಲ್ಲಿ ರೂಪುಗೊಂಡ ಫಿಗ್ಲೆಟ್ ಎಂಬ ತಂತ್ರಾಂಶವು ಪ್ರತಿ ಅಕ್ಷರದ ಚಿತ್ರವನ್ನು ಸಮಾನ ಎತ್ತರದ ಸಾಲುಗಳಾಗಿ ಇಟ್ಟುಕೊಂಡು, ಪದವೊಂದನ್ನು ಕೊಟ್ಟಾಗ ಎಲ್ಲ ಅಕ್ಷರಗಳ ಮೊದಲ ಸಾಲುಗಳನ್ನು ಅಕ್ಕಪಕ್ಕ ಬರೆದು, ಅದರ ಕೆಳಗೆ ಎರಡನೆಯ ಸಾಲುಗಳನ್ನು ಬರೆಯುತ್ತ ಇಡೀ ಪದವನ್ನು ಕಟ್ಟುತ್ತದೆ. ಅದಕ್ಕಾಗಿ ಆಸಕ್ತರು ರಚಿಸಿದ ಅಚ್ಚುಗಳಲ್ಲಿ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ತಮ್ಮ ಕಾಲ್ಪನಿಕ ಲೋಕಕ್ಕಾಗಿ ಸೃಷ್ಟಿಸಿದ ಟೆಂಗ್ವಾರ್ ಲಿಪಿಯದೂ ಒಂದು. ಒಂದು ಕಂಬ, ಅದಕ್ಕಂಟಿದ ಒಂದು ಬಾಗು ಇವೇ ಟೆಂಗ್ವಾರಿನ ಮುಖ್ಯ ವ್ಯಂಜನಗಳ ಘಟಕಗಳು; ಬಾಗು ಇಮ್ಮಡಿಯಾದರೆ ಅಘೋಷವು ಘೋಷವಾಗುತ್ತದೆ, ಅಂದರೆ ‘ತ’ ಇದ್ದದ್ದು ‘ದ’ ಆಗುತ್ತದೆ. ಕನ್ನಡ ವರ್ಣಮಾಲೆಯ ವರ್ಗೀಯ ವ್ಯಂಜನಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು.

ಆದರೆ ಇಂಥ ಚಿತ್ರಣಕ್ಕೆ ಟೆಂಗ್ವಾರಿಗಿಂತಲೂ ಚೆನ್ನಾಗಿ ಒಗ್ಗುವ ಲಿಪಿ ರಾಯಚೂರು ಜಿಲ್ಲೆಯಲ್ಲಿ, ಸಿಂಧನೂರು ಮತ್ತು ಲಿಂಗಸುಗೂರುಗಳ ನಡುವಣ ಮಸ್ಕಿಯ ಬಂಡೆಯ ಮೇಲಿದೆ. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಗುರುತಿಸಿದ, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಪ್ರಕಟಿಸಿದ ಈ ಶಾಸನವು, ಅದುವರೆಗೆ ತನ್ನ ಶಾಸನಗಳಲ್ಲಿ ಬಿರುದುಗಳಿಂದಷ್ಟೇ ಕಾಣಿಸಿಕೊಂಡಿದ್ದ ಅರಸನನ್ನು ‘ಅಸೋಕ’ ಎಂದು ಹೆಸರಿಸಿದ್ದರಿಂದ ಭಾರತದ ಇತಿಹಾಸರಚನೆಗೆ ಮುಖ್ಯ ಆಧಾರವಾಯಿತು. ಈ ಶಾಸನದ ಲಿಪಿಯಾದ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿ ತೋರಿಸಿದ ಬ್ರಾಹ್ಮಿಯು ಮೌರ್ಯರ ಕಾಲದಲ್ಲಿ ಬುದ್ಧಿಪೂರ್ವಕವಾಗಿ ರೂಪಿಸಿದ ಲಿಪಿಯೆಂದು ವಾದಿಸುವ ವಿದ್ವಾಂಸರಿದ್ದಾರೆ. ಅದರ ಮೂಲದ ಚರ್ಚೆ ಮುಗಿದಿಲ್ಲವಾದರೂ ಅದರ ರೇಖಾಗಣಿತದ ಶಿಸ್ತು ಮಾತ್ರ ಕಣ್ಣಿಗೆ ಕಾಣುವಂಥದು.

ಈ ಶಿಸ್ತನ್ನು ಐದು ಸಾಲು, ಐದು ಕಂಬಗಳ ಚೌಕುಳಿಯಲ್ಲಿ ಪರೀಕ್ಷಿಸಬಹುದು. ಬ್ರಾಹ್ಮಿಯ ‘ಕ’ ಕೂಡಿಸುವ ಚಿಹ್ನೆಯಂತಿರುವುದರಿಂದ ನಡುಸಾಲು ಮತ್ತು ನಡುಕಂಬದ 9 ಮನೆಗಳನ್ನು ತುಂಬಿದರೆ ಅದು ಸಿದ್ಧ. ‘ಬ’ ಚೌಕವಾದ್ದರಿಂದ ಅಂಚಿನ 16 ಮನೆಗಳು ಬೇಕು. ‘ಠ’ ವೃತ್ತವಾದ್ದರಿಂದ ನಾಲ್ಕು ಮೂಲೆಗಳನ್ನು ಬಿಟ್ಟು 12 ಸಾಕು. ಆ ವೃತ್ತದ ನಡುವೆ ಒಂದು ಬಿಂದುವನ್ನಿಟ್ಟರೆ ‘ಥ’ ಆಗುತ್ತದೆ. ಎಳೆ ಎಣಿಸಿ ಹಾಕುವ ಕಸೂತಿಯಲ್ಲಿರುವಂತೆ ಇಲ್ಲಿಯೂ ಬಾಗು ಮೆಟ್ಟಿಲುಮೆಟ್ಟಿಲಾಗಿಯೇ ಬರಬೇಕಾದುದರಿಂದ, ಮೂಲೆಯ ಒಂದು ಮನೆ ತುಂಬಿತೋ ಬಿಟ್ಟಿತೋ ಎಂಬುದರ ಮೇಲೆಯೇ ಅಕ್ಷರದ ಗುರುತು ನಿಲ್ಲುತ್ತದೆ. ಇದೇ ಬ್ರಾಹ್ಮಿಯಿಂದ ಬೆಳೆದು ದುಂಡಗಾದ ಇಂದಿನ ಕನ್ನಡದ ‘ಕ’ವನ್ನು ಇಷ್ಟು ಚಿಕ್ಕ ಚೌಕುಳಿಯಲ್ಲಿ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಮಸ್ಕಿಯ ಸುತ್ತಲಿನ ಶಾಲೆಗಳ ಮಕ್ಕಳು ತಮ್ಮ ಊರಿನ ಶಾಸನವನ್ನು ಕಲಿಯಲು ಚೌಕುಳಿ ಹಾಳೆ ಸುಲಭವಾದ ಸಾಧನವಾಗಬಲ್ಲದು.

ನಿಜವಾದ ತೊಡಕಿರುವುದು ಸ್ವರಚಿಹ್ನೆಗಳಲ್ಲಿ. ‘ಸೋ’ ಬರೆಯಲು ‘ಸ’ದ ತಲೆಯ ಎಡಬಲಗಳಲ್ಲಿ ಅಡ್ಡಗೆರೆಗಳು ಬೇಕು; ಆದರೆ ಫಿಗ್ಲೆಟ್ ಚಿತ್ರಗಳನ್ನು ಅಕ್ಕಪಕ್ಕ ಜೋಡಿಸುವುದೇ ಹೊರತು ವ್ಯಂಜನದ ಮೇಲೆ ಸ್ವರಚಿಹ್ನೆಯನ್ನು ಕೂರಿಸುವುದಿಲ್ಲ. ಯೂನಿಕೋಡ್ 2010ರಲ್ಲಿ ಬ್ರಾಹ್ಮಿಗೆ ಸಂಕೇತಗಳನ್ನು ಕೊಟ್ಟಿದ್ದರೂ ಈ ಅಡ್ಡಿ ತಾನಾಗಿ ನೀಗುವುದಿಲ್ಲ. ಹೀಗಾಗಿ ಶಾಸನದಲ್ಲಿರುವ ‘ಅಸೋಕಸ’ ಎಂಬ ರೂಪಕ್ಕೆ ಅ, ಸೋ, ಕ, ಸ ಎಂಬ ನಾಲ್ಕು ಚಿತ್ರಗಳು ಸಾಕಾದರೂ, ಇಡೀ ಪಾಠವನ್ನು ಮೂಡಿಸಬೇಕೆನ್ನುವವರು ಅಲ್ಲಿ ಬಳಕೆಯಾದ ಪ್ರತಿಯೊಂದು ಗುಣಿತರೂಪವನ್ನೂ ಬೇರೆಬೇರೆಯಾಗಿಯೇ ಬಿಡಿಸಿಕೊಳ್ಳಬೇಕಾಗುತ್ತದೆ.